ಬೋಗುಣಿ ದಾಟಿ ಬಂದವಳು

ಒಳ್ಳೇ ನಾಯಕಿ ಅಂದರೆ ಹೇಗಿರಬೇಕು ಅಂತ ಮೊನ್ನೆ ಸಂಘದ ತರಬೇತಿಯಲ್ಲಿ ಒಬ್ಬ ಮೇಡಮ್ಮು ಬೋರ್ಡಿನ ಮೇಲೆ ಬರೆದರು: ಕಲಿಸಬೇಕು, ಕಾಯಬೇಕು, ಕಠಿಣ ತೀರ್ಮಾನ ತಗೋಬೇಕು. ನನಗೆ ನಗು ಬಂತು. ಇಷ್ಟನ್ನೂ ನಮ್ಮ ದೊಡ್ಡಮ್ಮ ಮಾಡಿದ್ದಳು. ಅವಳ ನೆನಪಾದರೆ ಇವತ್ತಿಗೂ ಮೈ ಉರಿಯುತ್ತೆ.

ಮಾಗಡಿ ಸೀಮೆಯ ರಾಗಿ ಹೊಲವೆಲ್ಲ ಹಿಪ್ಪುನೇರಳೆ ತೋಟವಾಗಿ, ಮಲಗೋ ಕೋಣೆಯೂ ರೇಷ್ಮೆ ಹುಳದ ಮನೆಯಾಗಿದ್ದ ಕಾಲ ಅದು. ನಮ್ಮೂರ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದರೆ ಜನ ಮುಗಿಬೀಳೋರು. ಅದೆಲ್ಲ ದೊಡ್ಡಮ್ಮನ ಪ್ರತಾಪ. ನಮ್ಮಪ್ಪನ ಅಣ್ಣನ ಹೆಂಡತಿ, ಊರಿನ ರೇಷ್ಮೆ ಸಂಘಕ್ಕೆ ಅಧ್ಯಕ್ಷೆ. ಹುಳದ ಮನೆ ಬಾಗಿಲಲ್ಲಿ ಔಷಧಿ ನೀರಿನ ಬೋಗುಣಿ ಇಡಿಸಿ, ಕೈಕಾಲು ತೊಳೆಯದೆ ಯಾರೂ ಒಳಗೆ ಹೋಗಕೂಡದು ಅಂತ ಕಟ್ಟಪ್ಪಣೆ ಮಾಡಿದವಳು ಅವಳೇ. ಯಾರ ಮನೆ ಹುಳಕ್ಕಾದರೂ ರೋಗ ತಗಲಿದರೆ ಅಷ್ಟನ್ನೂ ಗುಂಡಿಗೆ ಹಾಕಿಸಿ ಸುಣ್ಣ ಸುರಿಸೋಳು. ಅತ್ತರೂ ಬಿಡ್ತಿರಲಿಲ್ಲ. ಊರು ಉಳಿದದ್ದು ಅದರಿಂದಲೇ, ಸುಳ್ಳು ಯಾಕೆ ಹೇಳಲಿ.

ಅಪ್ಪ ಹೋದ ಮೇಲೆ ಅವ್ವ, ನಾನು ಅವಳ ಮನೆಯಲ್ಲೇ ಚಾಕರಿ ಮಾಡಿಕೊಂಡಿದ್ದೆವು. ಸಾಕುಸಾಕಾಗಿ ಅವ್ವ ಬೇರೆ ಬಂದು ತಾನೇ ಹುಳ ತಂದಳು. "ಒಂದ್ ಬೆಳೆ ತೆಗೀಲಿ, ನೋಡಾನ. ಆಗ್ದಿದ್ರೆ ನಮ್ಮನೆ ಕಸ ಐತಲ್ಲ, ಬಂದು ಗುಡಿಸ್ಕೊಂಡಿರ್ಲಿ" ಅಂತ ದೊಡ್ಡಮ್ಮ ನಲ್ಲಿ ಹತ್ತಿರ ಎಲ್ಲರ ಎದುರಿಗೇ ಅಂದಳು. ಅವ್ವ ಆ ಹುಳಗಳನ್ನ ಹೆತ್ತ ಮಕ್ಕಳ ಥರ ಸಾಕಿದಳು. ನನ್ನನ್ನೂ ಅಷ್ಟು ನೋಡಿಕೊಂಡಿರಲಿಲ್ಲ.

ಹುಳ ದೊಡ್ಡದಾಗಿ ಪರಪರ ಸೊಪ್ಪು ಮೇಯೋವಾಗ ದೊಡ್ಡಮ್ಮ ತಪಾಸಣೆಗೆ ಬಂದಳು. ಕೆಳಗಲ ಬೀದಿಯಲ್ಲಿ ಯಾರದೋ ರೋಗದ ಹುಳವನ್ನ ಗುಂಡಿಗೆ ಸುರಿದು ನೆಟ್ಟಗೆ ಬಂದಿದ್ದಳು, ಸೆರಗಿಗೆ ಸುಣ್ಣ ಮೆತ್ತಿತ್ತು. ಬೋಗುಣಿ ದಾಟಿ ಒಳಗೆ ನುಗ್ಗಿ, ಬಾಗಿಲ ಪಕ್ಕದ ಹುಳದ ತಟ್ಟೆಗೆ ಕೈ ಹಾಕಿ, "ಪರ್ವಾಗಿಲ್ವೆ, ಚೆಂದಾಗೇ ಅವೆ" ಅಂದಳು. ನಾನು ಬಾಯಿ ತೆರೆದೆ. ಅವ್ವ ನನ್ನ ತೋಳು ಚಿವುಟಿದಳು. ಅಪ್ಪಣೆ ಮಾಡಿದವಳಿಗೇ ಕೈ ತೊಳ್ಕೊ ಅನ್ನೋ ಧೈರ್ಯ ಊರಲ್ಲಿ ಯಾರಿಗಿತ್ತು?

ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಅದೇ ತಟ್ಟೆಯ ಹುಳ ಊದಿಕೊಂಡು, ಮೈಯೊಡೆದು ಹಾಲಿನಂಥ ನೀರು ಸುರಿಸಿದವು. ದೊಡ್ಡಮ್ಮ ಗುದ್ದಲಿಯವರನ್ನ ಕರೆದುಕೊಂಡೇ ಬಂದಳು. ಅವ್ವ ಅವಳ ಕಾಲು ಹಿಡಿದು, "ಅಕ್ಕಾ, ಒಳಗಲ ತಟ್ಟೇವು ಚೆನ್ನಾಗವೆ ಕಣಕ್ಕಾ, ಅವನ್ನಾದ್ರೂ ಬುಡು" ಅಂತ ಗೋಗರೆದಳು.

"ನಿನ್ನೊಬ್ಳಿಗೋಸ್ಕರ ಊರ್ ಹಾಳ್ ಮಾಡ್ಲಾ?" ಅಂದವಳೇ ದೊಡ್ಡಮ್ಮ ಮೊದಲ ತಟ್ಟೆ ಎತ್ತಿ ಗುಂಡಿಗೆ ಸುರಿದಳು. ಜೀವ ಇದ್ದ ಹುಳಗಳು ಸುಣ್ಣದೊಳಗೆ ಮಿಸುಕಾಡುತ್ತಿದ್ದವು. "ನಮ್ಮಧ್ಯಕ್ಷೆ ತನ್ನೋರು ಅಂತ್ಲೂ ನೋಡಲ್ಲ" ಅಂತ ನೆರೆದವರು ಹೊಗಳಿದರು. ಥೂ, ಅವರ ಬಾಯಿಗಿಷ್ಟು ಮಣ್ಣು ಹಾಕ!

ಮುಂದಿನ ಬೆಳೆ ಹೊತ್ತಿಗೆ ಅವ್ವ ಬಟ್ಟೆ ಗಂಟು ಕಟ್ಟಿಕೊಂಡು ದೊಡ್ಡಮ್ಮನ ಮನೆಗೇ ವಾಪಸ್ಸು ಹೋದಳು, ಹಿಂದೆ ನಾನು. ಹುಳದ ಮನೆ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ಬೋಗುಣಿಯನ್ನ ಕಾಲಿಂದ ಅವ್ವನ ಕಡೆ ನೂಕಿದಳು.

"ಸರ್ಯಾಗಿ ತೊಳ್ಕೊಂಡು ಬಾ. ನಿನ್ ಕೈಯಾಗೆ ರೋಗ ಐತೆ."

ಅವ್ವ ಬಗ್ಗಿ ತೊಳೆದುಕೊಂಡಳು, ಮೊಣಕೈವರೆಗೂ.