ಮಂಡಿಗಾಗಿ ಹೊರಟ ನಡಿಗೆ

ನನಗೆ ಪ್ರಾರ್ಥನೆ ಎಂದರೆ ಮೊದಲು ಮಂಡಿ, ಆಮೇಲೆ ಬಾಯಿ. ಮಳವಳ್ಳಿಯ ನಮ್ಮ ಮನೆಯಲ್ಲಿ ಸಂಜೆಯಾದರೆ ಎಲ್ಲರೂ ಗಾರೆ ನೆಲದ ಮೇಲೆ ಮಂಡಿಯೂರಿ ಜಪಸರ ಹೇಳಬೇಕಿತ್ತು. ನಿದ್ದೆ ತೂಗಿ ಹಿಮ್ಮಡಿಯ ಮೇಲೆ ಕುಸಿದವರ ಬೆನ್ನಿಗೆ ಅಮ್ಮ ಒಂದು ತಿವಿತ ಕೊಡುತ್ತಿದ್ದಳು. ದೇವರ ಮುಂದೆ ಕುಂಡಿ ಊರಬಾರದು ಎಂಬುದು ಅವಳ ಕಾನೂನು. ಹಾಗಾಗಿ ಐವತ್ತು ದಾಟಿದ ಮೇಲೆ ನನ್ನ ಮಂಡಿ ಕೈಕೊಟ್ಟಾಗ ಕಾಲು ಕೆಟ್ಟಿತು ಅನ್ನಿಸಲಿಲ್ಲ, ಭಕ್ತಿಯೇ ಕೆಟ್ಟಿತು ಅನ್ನಿಸಿತು.

ಅದು ಕೈಕೊಟ್ಟದ್ದೂ ಎಲ್ಲರ ಎದುರಿಗೇ, ಮದ್ದೂರಿನ ನಮ್ಮ ಪುಟ್ಟ ಚರ್ಚಿನಲ್ಲಿ. ಭಾನುವಾರದ ಪೂಜೆಯ ನಡುವೆ ಗಂಟೆ ಬಾರಿಸಿ, ಫಾದರ್ ರೊಟ್ಟಿಯನ್ನು ಮೇಲೆತ್ತಿ ಹಿಡಿಯುವ ಹೊತ್ತಿಗೆ ಎಲ್ಲರೂ ಮಂಡಿಯೂರಿ ತಲೆ ಬಾಗಿಸುತ್ತೇವೆ. ಅವತ್ತು ನಾನೂ ಊರಿದೆ. ಊರಿದವಳಿಗೆ ಏಳಲು ಆಗಲಿಲ್ಲ. ಸುತ್ತ ಎಲ್ಲರೂ ಎದ್ದು ಹಾಡು ಶುರು ಮಾಡಿದರೂ ನಾನು ಮುಂದಿನ ಬೆಂಚು ಹಿಡಿದು ಒದ್ದಾಡುತ್ತಿದ್ದೆ. ಕೊನೆಗೆ ಇಬ್ಬರು ಹೆಂಗಸರು ಕಂಕುಳಿಗೆ ಕೈಹಾಕಿ ಗೊಬ್ಬರದ ಮೂಟೆ ಎತ್ತುವಂತೆ ಎತ್ತಿದರು. ಮುಂದಿನ ವಾರದಿಂದ ನನಗೆ ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಗೆ ಬಡ್ತಿ ಸಿಕ್ಕಿತು. ಎಲ್ಲರೂ ಮಂಡಿಯೂರಿದಾಗ ನಾನೊಬ್ಬಳು ಮದುವೆ ಮನೆಗೆ ಬಂದವಳ ಹಾಗೆ ಕೂತಿರುತ್ತಿದ್ದೆ. ಮೈಯೆಲ್ಲ ಹಿಡಿಯಾಗುವಷ್ಟು ನಾಚಿಕೆಯಾಗುತ್ತಿತ್ತು.

ಮಂಡ್ಯದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆಯೂ ಇದೆ, ತೂಕವೂ ಜಾಸ್ತಿ ಅಂದರು. “ದಿನಾ ನಡೀರಿ ಮೇಡಂ. ಮಾತ್ರೆ ನಾನು ಕೊಡ್ತೀನಿ, ಹೆಜ್ಜೆ ನೀವೇ ಹಾಕ್ಬೇಕು.”

“ಮತ್ತೆ ಮಂಡಿ ಊರೋಕೆ ಆಗುತ್ತಾ?” ಎಂದು ಕೇಳಿದೆ.

“ಮೊದ್ಲು ನಡೀರಿ, ಆಮೇಲೆ ನೋಡೋಣ” ಅಂದರು. ‘ನೋಡೋಣ’ ಅನ್ನುವುದನ್ನು ನಾನು ‘ಆಗುತ್ತದೆ’ ಎಂದೇ ಕೇಳಿಸಿಕೊಂಡೆ.

ವ್ಯಾಯಾಮಕ್ಕೂ ನನಗೂ ಎಂದೂ ಆಗಿಬಂದಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತದ ಪಾಠ ಮಾಡುತ್ತಿದ್ದ ನಾನು ಮಕ್ಕಳ ಆಟದ ಪೀರಿಯಡ್ಡನ್ನೂ ಕಿತ್ತುಕೊಂಡು ಲೆಕ್ಕ ಮಾಡಿಸುತ್ತಿದ್ದವಳು. ಕೆಲಸವಿಲ್ಲದೆ ಕೈಕಾಲು ಆಡಿಸುವುದು ತಿಂದದ್ದು ಹೆಚ್ಚಾದವರ ಚಟ ಎಂದು ನನ್ನ ಲೆಕ್ಕಾಚಾರ. ಇಂಥವಳು ನಡೆಯಬೇಕಾದರೆ ಏನಾದರೊಂದು ಹರಕೆ ಬೇಕಲ್ಲ? ಅಷ್ಟರಲ್ಲಿ ತಪಸ್ಸು ಕಾಲ ಬಂತು. ಪಾಸ್ಕ ಹಬ್ಬಕ್ಕೆ, ಅಂದರೆ ಯೇಸು ಸಾವಿನಿಂದ ಎದ್ದ ದಿನಕ್ಕೆ, ಮುಂಚಿನ ವಾರಗಳಲ್ಲಿ ನಾವು ಮಾಂಸವನ್ನೋ ಸಿಹಿಯನ್ನೋ ಬಿಟ್ಟು ಮೈ ದಂಡಿಸುತ್ತೇವೆ. ನಾನು ಆ ವರ್ಷದ ದಂಡನೆಯಾಗಿ ನಡಿಗೆಯನ್ನು ಆರಿಸಿಕೊಂಡೆ. ನಾನು ನಡೆಯುತ್ತೇನೆ, ನೀನು ಮಂಡಿ ಕೊಡು ಎಂದು ದೇವರ ಹತ್ತಿರ ಮಾತಾಡಿಕೊಂಡೆ.

ಬೆಳಿಗ್ಗೆ ಎದ್ದು ನಾಲೆ ಏರಿಯ ಮೇಲೆ ಹಲ್ಲು ಕಚ್ಚಿಕೊಂಡು ನಡೆದೆ. ಕೈಯಲ್ಲಿ ಜಪಸರ, ಕಣ್ಣು ನೆಲದ ಮೇಲೆ. ಆಲೆಮನೆಯಿಂದ ಬೆಲ್ಲ ಕುದಿಯುವ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಅದನ್ನೂ ದೇವರಿಗೆ ಒಪ್ಪಿಸುತ್ತಿದ್ದೆ. ಪಕ್ಕದ ಮನೆಯಾಕೆಯೂ ಜೊತೆಗೆ ಬರುತ್ತಿದ್ದಳು. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುವವಳು, ನನಗಿಂತ ಚಿಕ್ಕವಳು, ಬಾಯಿ ಮಾತ್ರ ಊರಗಲ. ನಾನು ಒಂದು ಮಣಿ ಜಪ ಮುಗಿಸುವಷ್ಟರಲ್ಲಿ ಅವಳು ಅತ್ತೆಯ ಪುರಾಣ ಅರ್ಧ ಹೇಳಿರುತ್ತಿದ್ದಳು. ಅವಳನ್ನು ಸಹಿಸಿಕೊಳ್ಳುವುದನ್ನೂ ನನ್ನ ತಪಸ್ಸಿಗೆ ಸೇರಿಸಿಕೊಂಡಿದ್ದೆ.

ಪಾಸ್ಕ ಹಬ್ಬ ಬಂತು. ಬಿರಿಯಾನಿ ಉಂಡೆ, ಮಾರನೆಯ ದಿನದಿಂದ ಮುಸುಕೆಳೆದು ಮಲಗಿದೆ. ದಂಡನೆ ಮುಗಿದಿತ್ತು. ನಾಲ್ಕೈದು ದಿನ ನೋಡಿ ಅವಳು ಗೇಟಿಗೇ ಬಂದಳು.

“ಯಾಕಕ್ಕಾ, ನಾಲೆ ಕಡೆ ಕಾಣಿಸ್ನೇ ಇಲ್ಲ? ಉಸಾರಿಲ್ವಾ?”

“ಉಷಾರಾಗೇ ಇದೀನಿ ಕಣಮ್ಮ. ನಮ್ಮ ತಪಸ್ಸು ಮುಗೀತು.”

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಅಲ್ಲಾ, ನಿಮ್ ದೇವ್ರು ಎದ್ದ ಅಂತ ನೀವು ಮಲಿಕೊಂಡ್ರಾ? ಚೆನ್ನಾಗದೆ ಬುಡಿ ನಿಮ್ಮ ಅಬ್ಬ! ಚಪ್ಲಿ ಆಕ್ಕೊಳಿ, ಓಗವ.”

ಸಿಟ್ಟು ಬಂತು. ಅವಳ ಬಾಯಿ ಮುಚ್ಚಿಸಲೆಂದೇ ಚಪ್ಪಲಿ ಮೆಟ್ಟಿ ಹೊರಟೆ. ಆತುರದಲ್ಲಿ ಜಪಸರ ಮೊಳೆಯಲ್ಲೇ ಉಳಿದಿತ್ತು. ಹರಕೆಯಂತೂ ಮುಗಿದಿತ್ತು, ಇನ್ನು ನರಳುವುದಕ್ಕೆ ಕಾರಣವೇ ಇರಲಿಲ್ಲ. ಬರಿಗೈಯಲ್ಲಿ ನಡೆದರೆ ತೋಳು ತಾನಾಗಿ ಬೀಸುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನಾಲೆಗೆ ನೀರು ಬಿಟ್ಟಿದ್ದರು. ಉಳುವ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳು ಪೀಟಿ ಮಾಸ್ತರರ ಹಾಗೆ ಎದೆ ಸೆಟೆಸಿ ಓಡಾಡುತ್ತಿದ್ದವು. ಇಷ್ಟು ವಾರ ಇದೇ ಏರಿಯ ಮೇಲೆ ಹೋಗಿ ಬಂದವಳಿಗೆ ಇದ್ಯಾವುದೂ ಕಂಡಿರಲಿಲ್ಲ.

ಹೀಗೇ ದಿನ ಹೋದವು. ಒಂದು ಬೆಳಿಗ್ಗೆ ಅವಳು ಕಾರ್ಖಾನೆಯ ಸೂಪರ್‌ವೈಸರ್ ಫೋನಿನಲ್ಲಿ ಹೆಂಡತಿಗೆ ಹೆದರುವುದನ್ನು ಮಾಡಿ ತೋರಿಸಿದಳು. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ಏರಿಯ ಮೇಲೇ ನಿಂತುಬಿಟ್ಟೆ. ಮೈಯೆಲ್ಲ ಬೆವರು, ಎದೆ ಡವಗುಟ್ಟುತ್ತಿತ್ತು, ನನಗೆ ಅಷ್ಟು ಸುಖ ಅನ್ನಿಸಿದ್ದು ಯಾವ ಕಾಲಕ್ಕೋ. ಮನೆಗೆ ಬಂದ ಮೇಲೆ ಭಯವಾಯಿತು. ಜಪ ಮರೆತಿದ್ದೆ. ದೇವರ ಜೊತೆಗಿನ ಮಾತುಕತೆಯನ್ನೂ ಮರೆತಿದ್ದೆ. ಇನ್ನು ಅವನು ಮಂಡಿ ಯಾಕೆ ಕೊಡುತ್ತಾನೆ?

ಶನಿವಾರ ಪಾಪನಿವೇದನೆಗೆ ಹೋದೆ. ಜಾಲರಿಯ ಈಚೆ ಕೂತು ಸಣ್ಣ ಪುಟ್ಟ ಪಾಪಗಳನ್ನೆಲ್ಲ ಒಪ್ಪಿಸಿದ ಮೇಲೆ ಹೇಳಿದೆ: “ಫಾದರ್, ನಡೆಯೋವಾಗ ಜಪ ಮಾಡ್ತಿಲ್ಲ. ಅದೂ ಅಲ್ದೆ... ಖುಷಿಯಾಗ್ತಿದೆ.”

ನಮ್ಮ ಫಾದರಿಗೆ ವಯಸ್ಸಾಗಿದೆ, ಜಾಲರಿಗೆ ಕಿವಿ ಹಚ್ಚಿ ಕೇಳಿಸಿಕೊಂಡರು. “ದೇವರು ಕಾಲು ಮಾಡಿದ್ದು ಮಡಚೋದಕ್ಕೆ ಮಾತ್ರ ಅಂದ್ಕೊಂಡಿದ್ದೀರೇನಮ್ಮ?” ಎಂದು ಕೇಳಿದರು. ಪ್ರಾಯಶ್ಚಿತ್ತವಾಗಿ ಏನಾದರೂ ಪ್ರಾರ್ಥನೆ ಹೇಳಿಸುತ್ತಾರೆ ಎಂದು ಕಾದೆ. “ನಾಳೆಯಿಂದ ನಡೆಯುವಾಗ ಏನೂ ಕೇಳಬೇಡಿ. ನಡೀರಿ, ಅಷ್ಟೇ” ಅಂದರು.

ಅಷ್ಟು ಕಷ್ಟದ ಪ್ರಾಯಶ್ಚಿತ್ತವನ್ನು ನಾನು ಎಂದೂ ಮಾಡಿರಲಿಲ್ಲ. ಬಾಯಿ ತೆರೆದರೆ ‘ದೇವರೇ, ಈ ಮಂಡಿ’ ಎಂದೇ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ. ಕೇಳುವುದನ್ನು ಬಿಟ್ಟರೆ ಉಳಿಯುವುದು ನೋಡುವುದು, ನೋಡಿದ್ದಕ್ಕೆ ಥ್ಯಾಂಕ್ಸ್ ಹೇಳುವುದು. ಗಾಳಿಗೆ, ಉಸಿರಿಗೆ, ಪಕ್ಕದಲ್ಲಿ ವಟಗುಟ್ಟುವ ಇವಳಿಗೆ. ಆಮೇಲಾಮೇಲೆ ನನ್ನ ದಪ್ಪ ಕಾಲುಗಳಿಗೂ ಹೇಳತೊಡಗಿದೆ. ಐವತ್ತು ವರ್ಷಕ್ಕೂ ಮೇಲೆ ನನ್ನನ್ನು ಹೊತ್ತುಕೊಂಡು ತಿರುಗಿದ ಅವುಗಳಿಗೆ ನಾನು ಬೈಗುಳ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಮಂಡ್ಯಕ್ಕೆ ಹೋದೆ. ಸಕ್ಕರೆ ಇಳಿದಿತ್ತು, ತೂಕವೂ ಇಳಿದಿತ್ತು. ಡಾಕ್ಟರು ಖುಷಿಯಾಗಿದ್ದರು. “ಹಾಗಾದರೆ ಇನ್ನು ಮಂಡಿ ಊರಬಹುದಾ?” ಎಂದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. “ಇಲ್ಲಿ ಸವೆದುಹೋಗಿದೆ ನೋಡಿ. ಸವೆದದ್ದು ತಿರುಗಿ ಬರಲ್ಲ. ಎಷ್ಟು ಬೇಕಾದ್ರೂ ನಡೀರಿ, ಮಂಡಿ ಮಾತ್ರ ಇನ್ಯಾವತ್ತೂ ಊರಬೇಡಿ.”

ವಾಪಸ್ ಬಸ್ಸಿನಲ್ಲಿ ಕಿಟಕಿಗೆ ಮುಖವಿಟ್ಟು ಅತ್ತೆ. ದೇವರ ಮೇಲೆ ಕೆಂಡದಂಥ ಕೋಪ ಬಂತು. ಇಷ್ಟು ತಿಂಗಳು ದುಡಿಸಿಕೊಂಡು ಕೂಲಿ ಕೊಡದೆ ಕಳಿಸಿದೆಯಲ್ಲ ಎಂದು ಮದ್ದೂರು ಬರುವವರೆಗೂ ಜಗಳವಾಡಿದೆ. ಇನ್ನು ನಡೆಯುವುದೂ ಬೇಡ, ಏನೂ ಬೇಡ ಎಂದು ಶಪಥ ಮಾಡಿ ಮಲಗಿದೆ.

ಬೆಳಿಗ್ಗೆ ಎಚ್ಚರವಾದಾಗ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ಅವಳಿಗಿಂತ ಮೊದಲೇ ಗೇಟಿನಲ್ಲಿ ನಿಂತಿದ್ದೆ. ದಾರಿಯಲ್ಲಿ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವಳು ಅತ್ತೆಯ ಪುರಾಣವನ್ನು ಅರ್ಧಕ್ಕೇ ಬಿಟ್ಟು ನನ್ನ ಮಂಡಿ ನೋಡಿದಳು, ಅದೇ ದೊಡ್ಡ ಪವಾಡ.

“ಅಂಗಾದ್ರೆ ಇವತ್ ಯಾಕಕ್ಕಾ ಬಂದ್ರಿ?” ಎಂದಳು.

“ಇಷ್ಟ ಆಯ್ತದೆ ಕಣೆ, ಅದಕ್ಕೇ” ಎಂದೆ. ಹೇಳಿದ ಮೇಲೆ ಅದು ನಿಜ ಎಂದು ನನಗೂ ಗೊತ್ತಾಯಿತು. ಬಸ್ಸಿನಲ್ಲಿ ಕೇಳಿದ ಕೂಲಿ ತಿಂಗಳುಗಳಿಂದ ದಿನದಿನವೂ ಕೈಗೆ ಬರುತ್ತಲೇ ಇತ್ತು. ನಾನು ಎಣಿಸಿಕೊಂಡಿರಲಿಲ್ಲ.

ಆ ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚಿಗೆ ಹೋದೆ. ಗಂಟೆ ಬಾರಿಸಿತು, ಎಲ್ಲರೂ ಮಂಡಿಯೂರಿ ತಲೆ ಬಾಗಿಸಿದರು. ನಾನು ಕೂರಲಿಲ್ಲ, ನಿಂತೆ. ಹುಟ್ಟಿದಾಗಿನಿಂದ ಈ ಗಳಿಗೆಯಲ್ಲಿ ನೆಲವನ್ನೇ ನೋಡುತ್ತಿದ್ದವಳು ಮೊದಲ ಸಲ ತಲೆಯೆತ್ತಿ ನೋಡಿದೆ. ರೊಟ್ಟಿ ಎತ್ತಿ ಹಿಡಿದ ಫಾದರ್ ಅವರ ಮುದಿ ಕೈಗಳು ಸಣ್ಣಗೆ ನಡುಗುತ್ತಿದ್ದವು. ನನ್ನ ಕಾಲು ನಡುಗಲಿಲ್ಲ. ‘ಇಲ್ಲೇ ನಿಂತಿದ್ದೀನಿ, ನೋಡು’ ಎಂದೆ ದೇವರಿಗೆ.