ಬತೂಲಳ ಹತ್ತು ಉಸಿರು

ಫೆಸ್ ಊರಿನ ನಮ್ಮ ಕೇರಿಯಲ್ಲಿ ಯಾರೂ ಮನೆಯಲ್ಲಿ ರೊಟ್ಟಿ ಸುಡುವುದಿಲ್ಲ. ಹಿಟ್ಟು ನಾದಿ, ತಟ್ಟಿ, ಹಲಗೆಯ ಮೇಲೆ ಬಟ್ಟೆ ಮುಚ್ಚಿ ಬತೂಲಳ ಒಲೆಗೆ ಕಳಿಸುತ್ತೇವೆ. ಅರವತ್ತು ಮನೆಯ ರೊಟ್ಟಿ, ಹೆಸರಿಲ್ಲ, ಚೀಟಿಯಿಲ್ಲ. ಯಾವುದು ಯಾರದೆಂದು ಅವಳಿಗೆ ನೋಡಿದರೇ ಗೊತ್ತು.

ಇಂಥ ತಲೆಯವಳು ಕಾನೂನು ಓದಲು ಹೋಗಿ ಒಂದೇ ಪತ್ರಿಕೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಳು. ಬೆಳಿಗ್ಗೆ ಒಲೆ, ಮಧ್ಯಾಹ್ನ ಇಬ್ಬರು ಮಕ್ಕಳು ಮತ್ತು ಅತ್ತೆ ತಾಮು, ಸಂಜೆ ಕಾಲೇಜು. ಪ್ರಶ್ನೆಪತ್ರಿಕೆ ಕೈಗೆ ಬಂತೋ, ತಲೆ ಖಾಲಿ. ಮೂರನೆಯ ಸಲವೂ ತಪ್ಪಿದರೆ ಕಾಲೇಜಿನಿಂದ ಹೆಸರು ತೆಗೆಯುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಕೂರುವ ನನಗೇ ಅವಳಿಗಿಂತ ಹೆಚ್ಚು ಸಂಕಟ.

ಕಾಲೇಜಿಗೆ ಒಬ್ಬರು ಮೇಡಂ ಬಂದು, ಗಾಬರಿಯಾದಾಗ ಕಣ್ಣುಮುಚ್ಚಿ ಹತ್ತು ಉಸಿರು ಎಣಿಸಿ ಎಂದರು. ಸಲಹೆ ಚೆನ್ನಾಗಿಯೇ ಇತ್ತು. ಆದರೆ ಮನೆಯಲ್ಲಿ ಕಣ್ಣು ಮುಚ್ಚಿದರೆ ನಾಲ್ಕನೆಯ ಉಸಿರಿಗೆ ಮಕ್ಕಳು ಕುತ್ತಿಗೆಗೆ ಜೋತುಬೀಳುತ್ತಿದ್ದರು, ಆರನೆಯದಕ್ಕೆ ಅತ್ತೆ ಸೊಸೆಗೆ ಜಿನ್ನು ಹಿಡಿಯಿತೆಂದು ಉಪ್ಪು ಎರಚುತ್ತಿದ್ದಳು. ಕೊನೆಗೆ ಬತೂಲ್ ಒಲೆಯ ಮುಂದೆಯೇ ಕೂತಳು. ಹತ್ತು ಮುಗಿಯಿತು. ಹಾಯೆನಿಸಿ ಇನ್ನೂ ಹತ್ತು ಎಣಿಸಿದಳು, ಆಮೇಲೆ ಲೆಕ್ಕವೇ ತಪ್ಪಿ ಗೊರಕೆ ಶುರುವಾಯಿತು. ಎದ್ದಾಗ ಹನ್ನೆರಡು ಮನೆಯ ರೊಟ್ಟಿ ಇದ್ದಿಲಾಗಿತ್ತು. ನಮ್ಮದೂ ಅದರಲ್ಲಿತ್ತು.

ಅತ್ತೆ ಬಂದು ರೊಟ್ಟಿ ನೋಡಿದಳು, ಸೊಸೆಯನ್ನು ನೋಡಿದಳು. ಬೈಗುಳ ಕೇಳಲು ಸೇರಿದ್ದ ನಮಗೆಲ್ಲ ನಿರಾಸೆ.

"ಕಣ್ಣು ಯಾಕೆ ಮುಚ್ತೀಯೇ? ಒಲೆ ಮುಂದೆ ನಿಂತಾಗ ನಿನಗೆ ನಾನೂ ನೆನಪಿರಲ್ಲ, ಮಕ್ಕಳೂ ನೆನಪಿರಲ್ಲ. ಪರೀಕ್ಷೇಲೂ ಹಾಗೇ ಕಣ್ಣು ಬಿಟ್ಕೊಂಡು ನೋಡು. ಬೆಂದಿದ್ದನ್ನ ಮೊದಲು ತೆಗಿ, ಹಸೀದನ್ನ ಆಮೇಲೆ ವಿಚಾರಿಸ್ಕೊ."

ಪರೀಕ್ಷೆಯ ದಿನ ಒಲೆ ತನ್ನ ಪಾಲಿಗಿರಲಿ ಎಂದೂ ಹೇಳಿದಳು.

ಪರೀಕ್ಷೆಯಲ್ಲಿ ಬತೂಲ್ ಕಣ್ಣು ಮುಚ್ಚಲಿಲ್ಲ. ಒಲೆಯೊಳಗೆ ಇಣುಕುವಂತೆ ಹಾಳೆಯನ್ನೇ ನೋಡುತ್ತ ಕೂತಳು. ಆಮೇಲೆ ಮೊದಲ ನಾಲ್ಕು ಪ್ರಶ್ನೆ ಬಿಟ್ಟು ಐದನೆಯದಕ್ಕೆ ಉತ್ತರ ಬರೆಯತೊಡಗಿದಳು. ಹೊರಗೆ ಬಂದಾಗ ಹೇಗಾಯಿತೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಇತ್ತ ಕೇರಿಯೆಲ್ಲ ಗೊಂದಲ. ಒಬ್ಬರ ರೊಟ್ಟಿ ಇನ್ನೊಬ್ಬರ ಮನೆ ಸೇರಿತ್ತು. ನಮ್ಮ ಮನೆಗೆ ಬಂದದ್ದು ಯಾರದೋ ದಪ್ಪ ಜೋಳದ ರೊಟ್ಟಿ. ಆದರೂ ಯಾರೊಬ್ಬರೂ ದೂರು ಒಯ್ಯಲಿಲ್ಲ. ಅವರವರ ಪಾಲಿಗೆ ಬಂದದ್ದನ್ನು ತಿಂದು ಸುಮ್ಮನಾದರು. ನನ್ನ ಕೇರಿಯ ಬಗ್ಗೆ ಅಂದು ನನಗೆ ಹೆಮ್ಮೆಯೆನಿಸಿತು.

ನಾನೂ ಬತೂಲಳ ಜೊತೆ ಅವರ ಮನೆಗೆ ಹೋದೆ. ಅತ್ತೆ ಪುದೀನ ಚಹಾ, ರೊಟ್ಟಿ ತಂದಿಟ್ಟಳು. ಪರೀಕ್ಷೆಯ ಮಾತೇ ಎತ್ತಲಿಲ್ಲ. ಬತೂಲ್ ಒಂದು ಚೂರು ಮುರಿದು ಬಾಯಿಗಿಟ್ಟಳು.

"ಅತ್ತೆ, ಇದು ನಮ್ದಲ್ಲ. ರಹ್ಮಾ ಮನೇದು."

"ಗೊತ್ತು. ಅದೊಂದನ್ನ ಬೇಕಂತಲೇ ಬದಲಾಯಿಸ್ದೆ," ಎಂದಳು ತಾಮು. "ತಲೆ ಖಾಲಿಯಾಗಿದ್ರೆ ನಿನಗೆ ಗೊತ್ತಾಗ್ತಿರ್ಲಿಲ್ಲ. ಪಾಸಾದೆ ಬಿಡು."

ಉಳಿದ ಐವತ್ತೊಂಬತ್ತು ಹೇಗೆ ಬದಲಾದವೆಂದು ನಾವು ಕೇಳಲಿಲ್ಲ. ಬತೂಲ್ ರೊಟ್ಟಿ ಕೈಯಲ್ಲಿ ಹಿಡಿದು ಅಳುತ್ತಿದ್ದಳು. ಅತ್ತೆ ಹೇಳಿದ್ದನ್ನೇ ಹೇಳಲು ಕಾಲೇಜಿನವರು ಇನ್ನೊಂದು ತಿಂಗಳು ತೆಗೆದುಕೊಂಡರು.