ಕಾಕಾ ದವಾಖಾನೆಗೆ ಬರಲಿಲ್ಲ

ಚಿಗವ್ವನ ಕೈಯ ಹಸಿರು ಬಳೆಗಳು ಮಾಂಸದೊಳಗೆ ಹೂತುಕೊಂಡಿದ್ದವು. ಬಳೆಗಾರ ಎಣ್ಣೆ ಹಚ್ಚಿ ತಿಕ್ಕಿದರೂ ಹೊಸವು ಏರುತ್ತಿರಲಿಲ್ಲ. ಓಣಿಯ ಹೆಂಗಸರು ಅದಕ್ಕೂ ನಗುತ್ತಿದ್ದರು. ಆ ನಗೆ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸ್ವಾತಂತ್ರ್ಯ ಬಂದ ವರ್ಷ ಶಿಗ್ಲಿಯಿಂದ ಬೆಟಗೇರಿಯ ನಮ್ಮ ನೇಕಾರರ ಮನೆಗೆ ಕಾಕಾನ ಹೆಂಡತಿಯಾಗಿ ಬಂದವಳು. ಬಂದಾಗ ತೆಳ್ಳಗಿದ್ದಳಂತೆ. ದಪ್ಪ ಮಾಡಿದ್ದು ನಮ್ಮ ಮನೆ. ಮಗ್ಗದಿಂದೆದ್ದ ಗಂಡಸರು ಉಂಡು, ಮಕ್ಕಳು ಉಂಡು, ಗಡಿಗೆಯಲ್ಲಿ ಎಷ್ಟು ಉಳಿದರೂ ಕಿರಿಸೊಸೆ ಮುಗಿಸಬೇಕು. ಅನ್ನ ಚೆಲ್ಲುವಂತಿಲ್ಲ, ಅಜ್ಜಿಯ ಕಟ್ಟಪ್ಪಣೆ. ಮುಟ್ಟು ತಿಂಗಳುಗಟ್ಟಲೆ ತಪ್ಪಿತು, ಮಕ್ಕಳಾಗಲಿಲ್ಲ. ಆಗ ಅದೇ ಅಜ್ಜಿ, "ಕೊಬ್ಬು ಬಂದು ಗರ್ಭ ಮುಚ್ಚೇತಿ" ಎಂದು ಸೋಮವಾರ, ಗುರುವಾರ, ಶುಕ್ರವಾರ ಉಪವಾಸ ಹಾಕಿಸಿದಳು. ಉಪವಾಸ ಮುಗಿದ ಮರುದಿನ ಹಿಂದಿನ ದಿನದ ತಂಗಳೂ ಅವಳ ಪಾಲಿಗೇ! ಇಂಥ ಬುದ್ಧಿಗೆ ಏನನ್ನಬೇಕು?

ಕೊನೆಗೆ ನನ್ನವ್ವ ಅವಳನ್ನು ಗದಗಿನ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು. ಆಗಿನ್ನೂ ಸಣ್ಣ ಹುಡುಗಿ, ನಾನೂ ಬೆನ್ನು ಹತ್ತಿದ್ದೆ.

"ಉಪಾಸ ಬಿಡ್ರಿ," ಎಂದರು ಡಾಕ್ಟರು. "ಹೊತ್ತಿಗೆ ಸರಿಯಾಗಿ ರೊಟ್ಟಿ, ಪಲ್ಯ ಹಿತಮಿತ ಉಣ್ರಿ, ದಿನಾ ಅಡ್ಡಾಡ್ರಿ. ತೂಕ ನಿಧಾನಕ ಇಳದ್ರ ಮುಟ್ಟು ಸರಿಹೋಗಬಹುದು. ನಿಮ್ಮ ಮನಿಯವರನ್ನೂ ಒಮ್ಮೆ ತೋರಿಸ್ರಿ."

ಚಿಗವ್ವ ಕಿಸಕ್ಕನೆ ನಕ್ಕಳು. "ಅದನ್ನ ನಮ್ಮ ಅತ್ತಿ ಮುಂದ ನೀವ ಬಂದು ಹೇಳ್ರಿ ಡಾಕ್ಟರ ಬಾಯಾರ."

ಕರ್ನಾಟಕ ಒಂದಾದ ದಿನ ಮನೆಯಲ್ಲಿ ಗೋಧಿ ಹುಗ್ಗಿ. ಎಲ್ಲರೂ ಉಂಡೆದ್ದ ಮೇಲೆ ಅಜ್ಜಿ ಅರ್ಧ ಬೋಗುಣಿ ಅವಳ ಮುಂದೆ ಕುಕ್ಕಿದಳು.

"ಮುಗಸು."

"ಹೊಟ್ಟಿ ತುಂಬೇತ್ರಿ ಅತ್ತಿ."

"ಏನಂದಿ?"

ಚಿಗವ್ವ ಬೋಗುಣಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಎಮ್ಮೆಯ ಬಾನಿಗೆ ಸುರಿದಳು. "ಆಕಿನೂ ಈ ಮನಿಯಾಕಿನ ಅಲ್ಲೇನ್ರಿ, ಉಣ್ಣಲಿ!" ಅಜ್ಜಿ ಎದೆ ಎದೆ ಬಡಿದುಕೊಂಡಳು. ನಾನು ಬಾಗಿಲ ಹಿಂದೆ ನಿಂತು ಮನಸಾರೆ ನಕ್ಕೆ.

ಅಂದಿನಿಂದ ಅವಳು ಉಳಿದದ್ದನ್ನು ಮುಟ್ಟಲಿಲ್ಲ. ಸಂಜೆ ನನ್ನ ಕೈ ಹಿಡಿದು ಊರಾಚೆಯವರೆಗೆ ಬಿರಬಿರನೆ ನಡೆಯುತ್ತಿದ್ದಳು. ಮೈ ಇಳಿಯಿತು, ಮುಟ್ಟು ತಿಂಗಳು ತಿಂಗಳು ಬಂತು. "ಈಗ ಅವರನ್ನ ಕರಕೊಂಡು ಬರ್ರಿ," ಎಂದರು ಡಾಕ್ಟರು. "ನಾ ಗಂಡಸು ಅದೀನಿ, ನನಗೇನಾಗೇತಿ?" ಎಂದ ಕಾಕಾ ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದ ಏಳಲೇ ಇಲ್ಲ, ಪುಣ್ಯಾತ್ಮ. ಅವಳು ಬೇಡಿದಳು, ಜಗಳಾಡಿದಳು, ಅತ್ತಳು. ವರ್ಷಗಳು ಹೋದವು. ಬಂಜೆ ಎನಿಸಿಕೊಂಡದ್ದು ಮಾತ್ರ ಅವಳೇ.

ಮುಂದೆ ನನ್ನ ಮದುವೆಯಾಗಿ ಬಹಳ ದಿನ ಮಕ್ಕಳಾಗದಿದ್ದಾಗ ಚಿಗವ್ವ ನನ್ನ ಗಂಡನ ಮನೆಗೇ ಬಂದು ಅವರ ಮುಂದೆ ಕುಳಿತಳು. "ಅಳಿಯಂದಿರ, ಮೊದಲ ನೀವು ತೋರಿಸ್ಕೊಳ್ರಿ. ಅದರಾಗ ನಾಚಿಕಿ ಏನ ಬಂತು?" ಅವರು ಹೋದರು, ಔಷಧಿ ತೆಗೆದುಕೊಂಡರು.

ಚಿಗವ್ವ ಕಾಮಾಲೆಯಿಂದ ತೀರಿಕೊಂಡಾಗ ನಾನು ಐದು ತಿಂಗಳ ಬಸುರಿ. ಮುತ್ತೈದೆಯಾಗಿ ಹೋದವಳಿಗೆ ಉಡಿ ತುಂಬಬೇಕು. ಒಬ್ಬಳೂ ಮುಂದೆ ಬರಲೊಲ್ಲಳು. ಮಕ್ಕಳಿಲ್ಲದವಳ ದೋಷ ತಟ್ಟೀತು ಎಂದು ಗುಸುಗುಸು. "ಸರೀರಿ ಅತ್ತಾಗ!" ಎಂದೆ. ಬಸುರಿ ಹೆಣ ಮುಟ್ಟಬಾರದೆಂದು ಆ ಹೆಂಗಸರು ಕೂಗಾಡುತ್ತಿದ್ದಂತೆಯೇ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಇಟ್ಟು ನಾನೇ ಅವಳ ಉಡಿ ತುಂಬಿದೆ.

ಕಾಕಾ ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಅಳಬ್ಯಾಡ್ರಿ ಕಾಕಾ," ಎಂದೆ. "ಗದಗೇನು ದೂರ ಇರಲಿಲ್ಲ."